ಹೊಸ ಚಿಪ್ ಬರುವ ತನಕ ಕಾಯಬೇಕಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಪ್ರೊಸೆಸರ್ ಬಗ್ಗೆ ಇರುವವೇ ಜಾಸ್ತಿ. ಅಂಗಡಿಯಲ್ಲಿ ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ) ಅಂತ ಒಂದು ಅಂಕಿ ಹೇಳುತ್ತಾರೆ, ಜನರೇಷನ್ ಅಂತ ಇನ್ನೊಂದು ಅಂಕಿ ಹೇಳುತ್ತಾರೆ. ಯಾವುದನ್ನು ನೋಡಿ ದುಡ್ಡು ಕೊಡಬೇಕು ಅನ್ನುವುದೇ ಎಲ್ಲರ ಗೊಂದಲ. ಐದು ಪತ್ರಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಸರ್, ನಾನು ಧಾರವಾಡದ ಸಪ್ತಾಪುರದವಳು. ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯ ಕಾಲೇಜಿಗೆ ಹೋಗಿ ಬರುತ್ತೇನೆ. ಲ್ಯಾಪ್‌ಟಾಪ್‌ಗೆ ಅಂತ ಅಪ್ಪ 60 ಸಾವಿರ ಎತ್ತಿಟ್ಟಿದ್ದಾರೆ. ಕ್ಲಾಸಿನವರು ನೋವಾ ಲೇಕ್ ಬರುತ್ತೆ, ಝೆನ್ 6 ಬರುತ್ತೆ, ಈಗ ತಗೊಂಡರೆ ಲಾಸ್ ಅನ್ನುತ್ತಾರೆ. ಕಾಯಬೇಕಾ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬೇಡ ತಂಗಿ, ತಗೊಂಡುಬಿಡಿ. ನೋವಾ ಲೇಕ್ ಅನ್ನುವ ತನ್ನ ಮುಂದಿನ ಪ್ರೊಸೆಸರ್ 2026ರ ಕೊನೆಗೆ ಬರುತ್ತದೆ ಅಂತ ಇಂಟೆಲ್ ಹೇಳಿದೆ. ಯಾವ ಹೊಸ ಚಿಪ್ ಆದರೂ ಮೊದಲು ದುಬಾರಿ ಮಾಡೆಲ್‌ಗಳಲ್ಲೇ ಬರುತ್ತದೆ. ಅದು 60 ಸಾವಿರದ ಲ್ಯಾಪ್‌ಟಾಪ್‌ಗೆ ಇಳಿಯುವಷ್ಟರಲ್ಲಿ ನಿಮ್ಮ ಎರಡು ಸೆಮಿಸ್ಟರ್ ಆದರೂ ಮುಗಿದಿರುತ್ತವೆ. ಇನ್ನೊಂದು ಚಿಪ್ ಕಂಪನಿ ಎಎಂಡಿಯ ಮುಂದಿನ ವಿನ್ಯಾಸ ಝೆನ್ 6ರ ಕಥೆಯೂ ಹಾಗೇ. ಅದರಲ್ಲಿ 'ವೆನಿಸ್' ಅನ್ನುವ ಸರ್ವರ್ ಚಿಪ್, ಬೇರೆ ಕಂಪನಿಗಳಿಗೆ ಚಿಪ್ ಮಾಡಿಕೊಡುವ ತೈವಾನಿನ ಟಿಎಸ್‌ಎಂಸಿಯ 2 ನ್ಯಾನೋಮೀಟರ್‌ನಲ್ಲಿ ತಯಾರಾಗುತ್ತದೆ, ಆದರೆ ಸರ್ವರ್‌ಗೆ ಬಂದದ್ದು ನಿಮ್ಮ ಬ್ಯಾಗಿಗೆ ಬರುವುದಕ್ಕೆ ಇನ್ನೂ ಸಮಯ ಹಿಡಿಯುತ್ತದೆ.

ಕಾಯಬೇಡಿ ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ರ‍್ಯಾಮ್. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರುತ್ತಾ ಬಂದಿದೆ, ಯಾಕೆಂದರೆ ಮೆಮೊರಿ ತಯಾರಿಸುವ ಕಂಪನಿಗಳು ಎಐ ಸರ್ವರ್‌ಗಳಿಗೇ ಮೊದಲು ಮಾಲು ಕೊಡುತ್ತಿವೆ. ಜನ ಬಿಡಿಯಾಗಿ ಕೊಳ್ಳುವ ಕ್ರೂಷಲ್ ಬ್ರ್ಯಾಂಡಿನ ವ್ಯಾಪಾರವನ್ನೇ ನಿಲ್ಲಿಸುತ್ತೇವೆ ಅಂತ ಮೈಕ್ರಾನ್ ಡಿಸೆಂಬರ್ 2025ರಲ್ಲಿ ಹೇಳಿತು. ಹಾಗಾಗಿ ಚಿಪ್ ಹೊಸದಾಗುವ ತನಕ ಕಾದರೆ ಅದೇ ದುಡ್ಡಿಗೆ 16 ಜಿಬಿ ಬದಲು 8 ಜಿಬಿ ಸಿಗುವ ಸಾಧ್ಯತೆ ಇದೆ. 2020ರಲ್ಲಿ ನಾನೂ ಹೀಗೇ ಮುಂದಿನ ಜನರೇಷನ್‌ಗೆ ಕಾದೆ. ಚಿಪ್ ಕೊರತೆ ಬಂತು, ಬೆಲೆ ಏರಿತು. ಹಿಂಜ್ ಮುರಿದ ಲ್ಯಾಪ್‌ಟಾಪ್‌ಗೆ ಪುಸ್ತಕ ಆನಿಸಿಟ್ಟುಕೊಂಡು ಒಂದು ವರ್ಷ ಕೆಲಸ ಮಾಡಿದೆ.

ನೀವು ಬಸ್ಸಿನಲ್ಲಿ ಓಡಾಡುವವರು, ಹಾಗಾಗಿ ಬ್ಯಾಟರಿ ಮುಖ್ಯ. ಚಿಪ್ಪನ್ನು ಯಾವ ಪ್ರೊಸೆಸ್‌ನಲ್ಲಿ, ಅಂದರೆ ಕಾರ್ಖಾನೆಯ ಯಾವ ವಿಧಾನದಲ್ಲಿ, ತಯಾರಿಸಿದ್ದಾರೆ ಅನ್ನುವುದು ನಿಜವಾಗಿ ಲೆಕ್ಕಕ್ಕೆ ಬರುವುದು ಇಲ್ಲೇ. ಸಣ್ಣ ಟ್ರಾನ್ಸಿಸ್ಟರ್ (ಚಿಪ್ಪಿನೊಳಗಿನ ಸ್ವಿಚ್) ಅದೇ ಕೆಲಸವನ್ನು ಕಡಿಮೆ ಕರೆಂಟಿನಲ್ಲಿ ಮಾಡುತ್ತದೆ. ಅಂಗಡಿಯಲ್ಲಿ 'ಕೋರ್ 5 120ಯು' ಅಂತ ಕಂಡರೆ ಹೆಸರು ಹೊಸದು, ಒಳಗಿರುವುದು 13ನೇ ಜನರೇಷನ್‌ನ ರಾಪ್ಟರ್ ಲೇಕ್, ಇಂಟೆಲ್ 7 ಪ್ರೊಸೆಸ್‌ನದ್ದು. ಕೆಟ್ಟದ್ದೇನಲ್ಲ, ಆದರೆ ಹೊಸದು ಅಂತ ಜಾಸ್ತಿ ದುಡ್ಡು ಕೊಡಬೇಡಿ. ಅದೇ ರೇಟಿನ ಆಸುಪಾಸಿಗೆ ಕೋರ್ ಅಲ್ಟ್ರಾ 5 125ಯು ಅಥವಾ 125ಎಚ್ ಆಫರ್‌ನಲ್ಲಿ ಸಿಕ್ಕರೆ ಅದನ್ನೇ ತಗೊಳ್ಳಿ. ಅದು ಡಿಸೆಂಬರ್ 2023ರಲ್ಲಿ ಬಂದ ಮೀಟಿಯರ್ ಲೇಕ್, ಅದರ ಮುಖ್ಯ ಭಾಗ ಇಂಟೆಲ್ 4 ಪ್ರೊಸೆಸ್‌ನಲ್ಲಿ ಆಗಿದ್ದು. ಕೊನೆಯ ಅಕ್ಷರ ನೋಡುವುದನ್ನು ಮರೆಯಬೇಡಿ. 'ಯು' ಇದ್ದರೆ ಕರೆಂಟ್ ಕಡಿಮೆ ತಿನ್ನುತ್ತದೆ. 'ಎಚ್' ಇದ್ದರೆ ಜೋರು, ಆದರೆ ಚಾರ್ಜರ್ ಹೊತ್ತುಕೊಂಡೇ ಹೋಗಬೇಕು.

ಪ್ರಶ್ನೆ: ಗದಗಿನಲ್ಲಿ ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಡಿಟಿಪಿಗೆ ಹೊಸ ಕಂಪ್ಯೂಟರ್ ಬೇಕು. ಒಬ್ಬ ಸೇಲ್ಸ್‌ಮನ್ ಇದು 7 ನ್ಯಾನೋಮೀಟರ್, ಅದು 4 ನ್ಯಾನೋಮೀಟರ್, ಅದರ ಸ್ಪೀಡ್ ಡಬಲ್ ಅಂದ. ನಿಜವಾ? ಅಷ್ಟು ಸಣ್ಣದನ್ನು ಕೊರೆಯುವುದಾದರೂ ಹೇಗೆ?
— ಪ್ರೆಸ್ ಮಾಲೀಕರು, ಗದಗ

ಉತ್ತರ: ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಈ ಕೆಲಸ ನಿಮಗೆ ಮೊದಲೇ ಗೊತ್ತು! ಆಫ್‌ಸೆಟ್ ಪ್ಲೇಟ್ ಹೇಗೆ ಮಾಡುತ್ತಿದ್ದಿರಿ? ಮದ್ದು ಬಳಿದ ಪ್ಲೇಟ್ ಮೇಲೆ ಫಿಲ್ಮ್ ಇಟ್ಟು, ಯುವಿ ಬೆಳಕು ಬಿಟ್ಟು, ಡೆವಲಪರ್‌ನಲ್ಲಿ ತೊಳೆದರೆ ಅಕ್ಷರ ಉಳಿಯುತ್ತಿತ್ತು. ಚಿಪ್ ಮಾಡುವುದೂ ಹೀಗೇ. ಕೆಲಸದ ಹೆಸರೂ ಒಂದೇ, ಲಿಥೋಗ್ರಫಿ. ಪ್ಲೇಟಿನ ಜಾಗದಲ್ಲಿ 300 ಮಿಲಿಮೀಟರ್ ಅಗಲದ ಸಿಲಿಕಾನ್ ಬಿಲ್ಲೆ, ಫಿಲ್ಮಿನ ಜಾಗದಲ್ಲಿ ಮಾಸ್ಕ್. ಬೆಳಕು ಬಿಡು, ತೊಳೆ, ಕೊರೆ, ಮೇಲೆ ಇನ್ನೊಂದು ಪದರ ಹಾಕು, ಮತ್ತೆ ಬೆಳಕು ಬಿಡು. ನಿಮಗೆ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್. ಅವರಿಗೆ ಹತ್ತಾರು ಮಾಸ್ಕ್. ಒಂದು ಬಿಲ್ಲೆ ಪೂರ್ತಿಯಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ರಿಜಿಸ್ಟ್ರೇಷನ್ ಕೂದಲೆಳೆಯಷ್ಟು ತಪ್ಪಿದರೆ ನಿಮ್ಮ ಲಗ್ನಪತ್ರಿಕೆ ಮಸುಕಾಗುತ್ತದೆ, ಅಲ್ವಾ? ಕೂದಲ ದಪ್ಪ ಅಂದರೆ ಸುಮಾರು 80 ಸಾವಿರ ನ್ಯಾನೋಮೀಟರ್. ಅವರಿಗೆ ಕೆಲವೇ ನ್ಯಾನೋಮೀಟರ್ ತಪ್ಪಿದರೂ ಚಿಪ್ ಹಾಳು.

ಗೆರೆ ಸಣ್ಣದಾಗುತ್ತಾ ಹೋದ ಹಾಗೆ ಬೆಳಕೇ ದಪ್ಪವಾಯಿತು. ಹಳೆಯ ಯಂತ್ರಗಳ ಬೆಳಕಿನ ಅಲೆ 193 ನ್ಯಾನೋಮೀಟರ್. ಅದರಲ್ಲೇ ಇನ್ನೂ ಸಣ್ಣ ಗೆರೆ ಬೇಕು ಅಂದರೆ ಒಂದೇ ಪದರವನ್ನು ಎರಡು ಮೂರು ಸಲ, ಗೆರೆಗಳ ನಡುವೆ ಗೆರೆ ಕೂರಿಸಿ ಹೊಡೆಯಬೇಕು. ಪ್ರತಿ ಸಲವೂ ರಿಜಿಸ್ಟ್ರೇಷನ್ ತಪ್ಪುವ ಭಯ. ಇಂಟೆಲ್ 10 ನ್ಯಾನೋಮೀಟರ್‌ನಲ್ಲಿ ಸಿಕ್ಕಿಹಾಕಿಕೊಳ್ಳಲು ಇದೂ ಒಂದು ಕಾರಣ. 2014ರಲ್ಲಿ ಬಂದ 14 ನ್ಯಾನೋಮೀಟರನ್ನೇ ಡೆಸ್ಕ್‌ಟಾಪ್‌ನಲ್ಲಿ 2021ರ ತನಕ ಎಳೆಯಿತು. ಈಗ ಇರುವುದು ಇಯುವಿ ಯಂತ್ರ, ಅದನ್ನು ಮಾಡುವುದು ನೆದರ್‌ಲ್ಯಾಂಡ್ಸ್‌ನ ಎಎಸ್‌ಎಂಎಲ್ ಒಂದೇ. ತವರದ ಸಣ್ಣ ಹನಿಗಳನ್ನು ಸೆಕೆಂಡಿಗೆ 50 ಸಾವಿರದಂತೆ ಬೀಳಿಸಿ, ಒಂದೊಂದಕ್ಕೂ ಲೇಸರ್ ಹೊಡೆಯುತ್ತಾರೆ. ಹನಿ ಉರಿದಾಗ 13.5 ನ್ಯಾನೋಮೀಟರ್ ಅಲೆಯ ಬೆಳಕು ಬರುತ್ತದೆ. ಆ ಬೆಳಕನ್ನು ಗಾಳಿಯೇ ಹೀರಿಬಿಡುತ್ತದೆ, ಹಾಗಾಗಿ ಇಡೀ ಕೆಲಸ ಗಾಳಿ ತೆಗೆದ ಪೆಟ್ಟಿಗೆಯೊಳಗೆ ನಡೆಯುತ್ತದೆ. ಇದನ್ನು ಓದಿದಾಗಲೆಲ್ಲ ಮನುಷ್ಯರು ಇದನ್ನು ಮಾಡಿದ್ದಾರಲ್ಲ ಅಂತ ನನಗೆ ಮೈ ಜುಮ್ ಅನ್ನುತ್ತದೆ.

ಇನ್ನು ಸೇಲ್ಸ್‌ಮನ್ ಮಾತು. ಸ್ಪೀಡ್ ಡಬಲ್ ಅನ್ನುವುದು ಸುಳ್ಳು. ಈಗ 7, 4, 3 ಅನ್ನುವುದು ಅಳತೆ ಅಲ್ಲ, ಹೆಸರು. ಇಂಟೆಲ್ 4ರಲ್ಲಿ ಒಂದು ಗೇಟ್‌ನಿಂದ (ಟ್ರಾನ್ಸಿಸ್ಟರ್‌ನಲ್ಲಿ ಕರೆಂಟ್ ಬಿಡುವ, ತಡೆಯುವ ಭಾಗ) ಪಕ್ಕದ ಗೇಟ್‌ಗೆ ಇರುವ ದೂರ 50 ನ್ಯಾನೋಮೀಟರ್. ಟಿಎಸ್‌ಎಂಸಿಯ 5ರಲ್ಲೂ ಹೆಚ್ಚೂ ಕಡಿಮೆ ಅಷ್ಟೇ. ಜುಲೈ 2021ರಲ್ಲಿ ಇಂಟೆಲ್ ತನ್ನ 10 ನ್ಯಾನೋಮೀಟರ್‌ನ ಸುಧಾರಿಸಿದ ಪ್ರೊಸೆಸ್‌ಗೆ 'ಇಂಟೆಲ್ 7' ಅಂತ ಹೆಸರಿಟ್ಟಿತು. ಹಾಗಾಗಿ ಒಂದು ಕಂಪನಿಯ ಅಂಕಿಯನ್ನು ಇನ್ನೊಂದು ಕಂಪನಿಯ ಅಂಕಿಯ ಪಕ್ಕ ಇಟ್ಟು ತೂಗಲು ಬರುವುದಿಲ್ಲ.

ಹಾಗಂತ ಎಲ್ಲ ಸುಮ್ನೆ ಹೆಸರು ಅಂತಲೂ ಅಲ್ಲ. ಜನವರಿ 2026ರಲ್ಲಿ ಬಂದ ಪ್ಯಾಂಥರ್ ಲೇಕ್ ಲ್ಯಾಪ್‌ಟಾಪ್ ಚಿಪ್‌ನಲ್ಲಿ ಇಂಟೆಲ್‌ನ 18ಎ ಪ್ರೊಸೆಸ್ ಇದೆ, ಅರಿಜೋನಾದ ಕಾರ್ಖಾನೆಯದ್ದು. ಅದರಲ್ಲಿ ಎರಡು ನಿಜವಾದ ಬದಲಾವಣೆಗಳಿವೆ. ಒಂದು, ಗೇಟ್ ಈಗ ಕರೆಂಟ್ ಹರಿಯುವ ದಾರಿಯನ್ನು ನಾಲ್ಕೂ ಕಡೆಯಿಂದ ಸುತ್ತಿಕೊಂಡಿದೆ, ಹಾಗಾಗಿ ಸೋರಿಕೆ ಕಡಿಮೆ. ಇನ್ನೊಂದು ನಿಮಗೆ ಥಟ್ಟನೆ ಅರ್ಥವಾಗುವಂಥದ್ದು. ಇಷ್ಟು ದಿನ ಕರೆಂಟಿನ ತಂತಿ, ಸಿಗ್ನಲ್ ತಂತಿ ಎರಡನ್ನೂ ಒಂದೇ ಬದಿಗೆ ತುರುಕುತ್ತಿದ್ದರು. ಈಗ ಹಾಳೆ ತಿರುವಿ ಬೆನ್ನಿಗೂ ಪ್ರಿಂಟ್ ಹೊಡೆದ ಹಾಗೆ, ಕರೆಂಟಿನ ತಂತಿಯನ್ನು ಹಿಂಬದಿಗೆ ಹಾಕಿದ್ದಾರೆ. ಮುಂದೆ ಜಾಗ ಆಯಿತು.

ಆದರೆ ನಿಮ್ಮ ಕಂಪ್ಯೂಟರ್ ದಿನವಿಡೀ ಪ್ಲಗ್‌ನಲ್ಲೇ ಇರುತ್ತದೆ. ನೀವು ಇದರ ಬೆನ್ನು ಹತ್ತಬೇಕಿಲ್ಲ. ಕೋರೆಲ್‌ಡ್ರಾ, ಫೋಟೋಶಾಪ್‌ಗೆ ಆರು ಕೋರಿನ (ಒಟ್ಟಿಗೆ ಕೆಲಸ ಮಾಡುವ ಆರು ಘಟಕಗಳ) ಈಗಿನ ಯಾವುದಾದರೂ ಪ್ರೊಸೆಸರ್ ಸಾಕು. ಉಳಿದ ದುಡ್ಡನ್ನು 32 ಜಿಬಿ ರ‍್ಯಾಮ್‌ಗೆ, ಬಣ್ಣ ಸರಿಯಾಗಿ ತೋರಿಸುವ ಒಳ್ಳೆಯ ಮಾನಿಟರ್‌ಗೆ ಹಾಕಿ. ಮುಂದೆ ಚಿಪ್ ಬದಲಿಸುವ ಆಸೆ ಇದ್ದರೆ ಎಎಂಡಿಯ ಎಎಂ5 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡ್ ತಗೊಳ್ಳಿ. 2027 ಮತ್ತು ಅದರಾಚೆಗೂ ಅದನ್ನು ಉಳಿಸಿಕೊಳ್ಳುತ್ತೇವೆ ಅಂತ ಎಎಂಡಿ ಮಾತು ಕೊಟ್ಟಿದೆ.

ಪ್ರಶ್ನೆ: ಮಗನಿಗೆ ರೈಜೆನ್ 5 7520ಯು ಲ್ಯಾಪ್‌ಟಾಪ್ ಕೊಡಿಸಿದೆ. ಪಕ್ಕದ ಮನೆಯ ಹುಡುಗನದ್ದು ಹಳೆಯ 5500ಯು. ಅದೇ ಫಾಸ್ಟ್ ಇದೆ! ಅಂಗಡಿಯವರು 7000 ಅಂದರೆ ಹೊಸದು ಅಂದಿದ್ದರು. ಮೋಸ ಆಯಿತಾ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮಾಲು ನಕಲಿ ಅಲ್ಲ, ಆದರೆ ನಿಮ್ಮ ಬೇಸರ ನ್ಯಾಯವಾದದ್ದೇ. ರೈಜೆನ್‌ನ 7000 ಮತ್ತು 8000 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೊದಲ ಅಂಕಿ ಬಿಡುಗಡೆಯ ವರ್ಷವನ್ನಷ್ಟೇ ಹೇಳುತ್ತದೆ. ಒಳಗೆ ಏನಿದೆ ಅನ್ನುವುದನ್ನು ಹೇಳುವುದು ಮೂರನೇ ಅಂಕಿ. 7520ರಲ್ಲಿ ಅದು 2, ಅಂದರೆ 2019ರ ಝೆನ್ 2 ವಿನ್ಯಾಸ. 5500ಯು ಕೂಡ ಝೆನ್ 2, ಆದರೆ ಅದಕ್ಕೆ ಆರು ಕೋರ್, ನಿಮ್ಮದಕ್ಕೆ ನಾಲ್ಕು. ಗಮನಿಸಿ, ನಿಮ್ಮದು 6 ನ್ಯಾನೋಮೀಟರ್, ಅವರದ್ದು 7. ಅಂಕಿ ಸಣ್ಣದಿದ್ದೂ ಸೋತಿತು. ನಿಮ್ಮದರ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ, ಹೆಚ್ಚಿಸಲು ಬರುವುದಿಲ್ಲ. ಶಾಲೆ, ಟೈಪಿಂಗ್, ವಿಡಿಯೋ ಪಾಠಕ್ಕೆ ತೊಂದರೆ ಇಲ್ಲ, ಬಳಸಲಿ. ಮುಂದೆ ಯಾರಾದರೂ ಕೇಳಿದರೆ ಮೂರನೇ ಅಂಕಿ 4 ಇರುವುದನ್ನು, 7640 ಅಥವಾ 8640 ಥರದ್ದನ್ನು, ತಗೊಳ್ಳಲು ಹೇಳಿ. ಅದು ಝೆನ್ 4. ಇಂಥ ಹೆಸರಿಡುವುದು ಗ್ರಾಹಕರಿಗೆ ಮಾಡುವ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಕೂಡಿಟ್ಟ ದುಡ್ಡಿನಲ್ಲಿ ಮಕ್ಕಳಿಗೆ ಕೊಡಿಸುವವರು ಮೂರನೇ ಅಂಕಿಯ ಗುಟ್ಟು ತಿಳಿದುಕೊಂಡು ಅಂಗಡಿಗೆ ಹೋಗಿರುವುದಿಲ್ಲ.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಮ್ಮದು. ಲೆಕ್ಕ ಬರೆಯುವ ಕಂಪ್ಯೂಟರ್ 2017ರದ್ದು, ಐ3 7ನೇ ಜನರೇಷನ್. ಸೀಜನ್ ಬಂತೆಂದರೆ ಮಧ್ಯಾಹ್ನ ತಾನೇ ಆಫ್ ಆಗುತ್ತದೆ. ಹೊಸ ಜನರೇಷನ್ ತಗೊಂಡರೆ ಸರಿ ಹೋಗುತ್ತಾ?
— ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಕ್ಯಾಬಿನೆಟ್ ಬಿಚ್ಚಿಸಿ ಸಾವಕಾರ್ರೇ. ನಿಮ್ಮೂರಿನಲ್ಲೇ ಒಮ್ಮೆ ಮಾರ್ಚ್ ತಿಂಗಳಲ್ಲಿ ಇಂಥದ್ದೇ ಒಂದನ್ನು ಬಿಚ್ಚಿದ್ದೆ. ಫ್ಯಾನ್ ತೆಗೆದರೆ ಕೆಳಗೆ ಹೀಟ್‌ಸಿಂಕಿನ ರೆಕ್ಕೆಗಳೇ ಕಾಣಲಿಲ್ಲ. ಕೆಂಪು ಪುಡಿ, ಕೂದಲು, ಚೀಲದ ನಾರು ಸೇರಿ ಕಂಬಳಿಯ ತುಂಡಿನ ಹಾಗೆ ಕೂತಿತ್ತು. ಬೆರಳಲ್ಲಿ ಎತ್ತಿದರೆ ಹಾಳೆಯ ಹಾಗೆ ಎದ್ದು ಬಂತು. ಅಲ್ಲಿದ್ದ ನಾಲ್ಕೂ ಜನ ಸೀನಿದೆವು. ಒಳಗಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಬ್ಲೋವರ್ ಹೊಡೆದು, ಪೇಸ್ಟ್ ಹಚ್ಚಿದ ಮೇಲೆ 90 ಡಿಗ್ರಿ ದಾಟುತ್ತಿದ್ದ ಬಿಸಿ 60ರ ಆಸುಪಾಸಿಗೆ ಇಳಿಯಿತು. ಪ್ರೊಸೆಸರ್ ಬಿಸಿ ಮಿತಿ ಮೀರಿದರೆ ತನ್ನನ್ನು ಉಳಿಸಿಕೊಳ್ಳಲು ಮೊದಲು ನಿಧಾನವಾಗುತ್ತದೆ, ಆಮೇಲೆ ಆಫ್ ಆಗುತ್ತದೆ. 2 ನ್ಯಾನೋಮೀಟರ್ ಚಿಪ್ ಹಾಕಿದರೂ ಈ ಪುಡಿ ಕೂತರೆ ಅದೇ ಗತಿ. ಸೀಜನ್‌ಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕ್ಲೀನ್ ಮಾಡಿಸಿ. ಅಂಗಡಿಯ ಹೊರಗೆ ಮಾಡಿಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಲು ಹೇಳಿ. ಕ್ಯಾಬಿನೆಟ್ ನೆಲದ ಮೇಲೆ ಇಡಬೇಡಿ.

ಆದರೂ ಹೊಸದು ಬೇಕೇ ಬೇಕಾಗುತ್ತದೆ, ಬೇರೆ ಕಾರಣಕ್ಕೆ. ವಿಂಡೋಸ್ 10ರ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿಯಿತು. ನಿಮ್ಮ ಐ3ಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ಎಲ್ಲ ಅದರಲ್ಲೇ ಮಾಡುವುದು ಒಳ್ಳೆಯದಲ್ಲ. ಐ3 12100 ಮಟ್ಟದ್ದು ನಿಮ್ಮ ಲೆಕ್ಕಕ್ಕೆ ಧಾರಾಳ ಸಾಕು. ಜೊತೆಗೆ ಎಸ್‌ಎಸ್‌ಡಿ, ಒಂದು ಯುಪಿಎಸ್. ಯಾರಾದರೂ ಸೆಕೆಂಡ್ ಹ್ಯಾಂಡ್‌ನಲ್ಲಿ 13 ಅಥವಾ 14ನೇ ಜನರೇಷನ್‌ನ ಐ7, ಐ9 ಅಗ್ಗಕ್ಕೆ ಕೊಡುತ್ತೇನೆ ಅಂದರೆ ಹುಷಾರು. ಆ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ವೋಲ್ಟೇಜ್ ತೊಂದರೆ ಇತ್ತು. 2024ರಲ್ಲಿ ಇಂಟೆಲ್ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮೂಲಕ ಸರಿಪಡಿಸಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆದರೆ ಅಷ್ಟರಲ್ಲೇ ಪೆಟ್ಟು ತಿಂದ ಚಿಪ್ ಅಪ್‌ಡೇಟ್‌ನಿಂದ ಸರಿ ಹೋಗುವುದಿಲ್ಲ.

ಪ್ರಶ್ನೆ: ಲ್ಯಾಪ್‌ಟಾಪ್ ಪ್ರೊಸೆಸರ್ ನಮ್ಮ ದೇಶದಲ್ಲಿ ಯಾವಾಗ ತಯಾರಾಗುತ್ತದೆ? ನನಗೆ ಈ ಕ್ಷೇತ್ರದಲ್ಲೇ ಕೆಲಸ ಮಾಡುವಾಸೆ.
— ಡಿಪ್ಲೊಮಾ ವಿದ್ಯಾರ್ಥಿ, ರಾಣೆಬೆನ್ನೂರು

ಉತ್ತರ: ಗುಜರಾತಿನ ಧೋಲೇರಾದಲ್ಲಿ ಟಾಟಾದವರು ತೈವಾನಿನ ಪಿಎಸ್‌ಎಂಸಿ ಜೊತೆ ಸೇರಿ ಕಟ್ಟುತ್ತಿರುವ ಫ್ಯಾಬ್‌ಗೆ, ಅಂದರೆ ಚಿಪ್ ಕಾರ್ಖಾನೆಗೆ, ಮಾರ್ಚ್ 2024ರಲ್ಲಿ ಅಡಿಗಲ್ಲು ಬಿತ್ತು. ಅದು 28 ನ್ಯಾನೋಮೀಟರ್ ಮತ್ತು ಅದಕ್ಕಿಂತ ದೊಡ್ಡ ಅಳತೆಯ ಪ್ರೊಸೆಸ್‌ಗಳಿಗೆ. ಗಾಡಿ, ಡಿಸ್‌ಪ್ಲೇ, ಪವರ್ ಚಿಪ್‌ಗಳಿಗೆ ಅದು ಚೆನ್ನಾಗಿ ಸಾಕು, ಲ್ಯಾಪ್‌ಟಾಪ್ ಪ್ರೊಸೆಸರ್‌ಗೆ ಸಾಲದು. ಆದರೆ ವಿನ್ಯಾಸದ ಕೆಲಸ ನಮ್ಮಲ್ಲಿ ಬೇಕಾದಷ್ಟಿದೆ. ಇಂಟೆಲ್, ಎಎಂಡಿ ಎರಡಕ್ಕೂ ಬೆಂಗಳೂರಿನಲ್ಲಿ ದೊಡ್ಡ ವಿನ್ಯಾಸ ಕೇಂದ್ರಗಳಿವೆ. ಐಐಟಿ ಮದ್ರಾಸಿನವರು ತಮ್ಮ 'ಶಕ್ತಿ' ಪ್ರೊಸೆಸರನ್ನು 2018ರಲ್ಲಿ ಮೊಹಾಲಿಯ ಫ್ಯಾಬ್‌ನಲ್ಲಿ 180 ನ್ಯಾನೋಮೀಟರ್‌ನಲ್ಲೇ ಮಾಡಿಸಿ ತೋರಿಸಿದರು.

ನೀವು ಡಿಪ್ಲೊಮಾ ಮುಗಿಯುವ ತನಕ ಕಾಯಬೇಡಿ. ಚಿಪ್ ವಿನ್ಯಾಸ ಬರೆಯುವ ಭಾಷೆ ವೆರಿಲಾಗ್ ಕಲಿಯಲು ಶುರು ಮಾಡಿ. ಅಮೆರಿಕದ ಸ್ಕೈವಾಟರ್ ಕಾರ್ಖಾನೆಯ 130 ನ್ಯಾನೋಮೀಟರ್ ಪ್ರೊಸೆಸ್‌ನ ಪೂರ್ತಿ ವಿವರ 2020ರಿಂದ ಎಲ್ಲರಿಗೂ ಉಚಿತ, ಅದಕ್ಕೆ ಹೊಂದುವ ಓಪನ್‌ಲೇನ್ ಅನ್ನುವ ಸಾಫ್ಟ್‌ವೇರ್ ಕೂಡ ಉಚಿತ. ನಾಲ್ಕು ಬಿಟ್‌ನ ಒಂದು ಸಣ್ಣ ಕೌಂಟರ್ ಬರೆಯಿರಿ, ಅದನ್ನು ಲೇಔಟ್ ತನಕ ಒಯ್ಯಿರಿ. ತೆರೆಯ ಮೇಲೆ ನಿಮ್ಮದೇ ಗೇಟ್‌ಗಳು, ಪದರ ಪದರವಾಗಿ ತಂತಿಗಳು ಕಾಣುತ್ತವೆ. ಇಷ್ಟಕ್ಕೆ ಹೊಸ ಲ್ಯಾಪ್‌ಟಾಪ್ ಬೇಕಿಲ್ಲ, ಕೈಯಲ್ಲಿರುವ 8 ಜಿಬಿಯದ್ದೇ ಸಾಕು.