ಬಾಸ್ಟನ್ನಿನಲ್ಲಿ ಹಳೆಯ ಹಾಡು ಶುರುವಾದಾಗ

ನೀವು ಕೇಳಿದ್ದು ಇಷ್ಟು: ಬಾಸ್ಟನ್ನಿಗೆ ಬಂದು ಕೆಲಸ ಸರಿಹೋಗಿದೆ, ಇಂಗ್ಲಿಷಿಗೂ ತೊಂದರೆಯಿಲ್ಲ. ಆದರೆ ಯಾವುದೋ ಹಳೆಯ ರಾಕ್ ಹಾಡು ಬಂದರೆ ಇಡೀ ಟೀಮು ಬಾಯಿಪಾಠವಾಗಿ ಹಾಡುತ್ತದೆ, ಹೈಸ್ಕೂಲಿನ ನೆನಪು ತೆಗೆದು ನಗುತ್ತದೆ, ನೀವು ಫೋನ್ ನೋಡುತ್ತಾ ಕೂರುತ್ತೀರಿ. ಮುಂದೆ ಫೆನ್‌ವೇ ಪಾರ್ಕಿನ ಬೇಸ್‌ಬಾಲ್ ಮ್ಯಾಚು, ಸಹೋದ್ಯೋಗಿಯ ಮದುವೆ, ಕರಾವೊಕೆ ಎಲ್ಲ ಇದೆ. ಐನೂರು ಹಾಡು ಕಲಿಯಲೇ ಎಂದಿದ್ದೀರಿ. ಬೇಡ. ಹತ್ತು ಹಾಡು ಕೇಳಿ, ಯಾವುದು ಎಲ್ಲಿ ಬರುತ್ತದೆ ಎಂದು ತಿಳಿದುಕೊಳ್ಳಿ. ಉಳಿದದ್ದು ಲೆಕ್ಕ.

ಲೆಕ್ಕ ಹೀಗೆ. ಎದುರಿನವರು ಹುಟ್ಟಿದ ವರ್ಷಕ್ಕೆ ಒಮ್ಮೆ ಹದಿಮೂರು ಕೂಡಿಸಿ, ಅದೇ ಹುಟ್ಟಿದ ವರ್ಷಕ್ಕೆ ಇನ್ನೊಮ್ಮೆ ಇಪ್ಪತ್ತು ಕೂಡಿಸಿ. ಆ ಎರಡು ವರ್ಷಗಳ ನಡುವೆ ಬಂದ ಹಾಡುಗಳೇ ಅವರ ನೆನಪಿಗೆ ಅಂಟಿಕೊಂಡಿರುತ್ತವೆ. 1958ರಲ್ಲಿ ಹುಟ್ಟಿದವರಿಗೆ ಲೆಡ್ ಝೆಪೆಲಿನ್, ಪಿಂಕ್ ಫ್ಲಾಯ್ಡ್, ಈಗಲ್ಸ್, 1977ರ ಫ್ಲೀಟ್‌ವುಡ್ ಮ್ಯಾಕ್. 1970ರವರಿಗೆ ಪ್ರಿನ್ಸ್, ಬಾನ್ ಜೋವಿ, ಯು2. ಇವರು ಹಾಡಿನ ಜೊತೆ ವೀಡಿಯೊವನ್ನೂ ವರ್ಣಿಸುತ್ತಾರೆ, ಏಕೆಂದರೆ ಹಾಡಿನ ವೀಡಿಯೊ ತೋರಿಸುವ ಚಾನೆಲ್ ಎಂಟಿವಿ ಶುರುವಾದದ್ದು 1981ರ ಆಗಸ್ಟ್ 1ರಂದು. 1980ರಲ್ಲಿ ಹುಟ್ಟಿದವರ ಮುಂದೆ ಗ್ರೀನ್ ಡೇ, ಒಯೇಸಿಸ್, ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಹೆಸರು ಎತ್ತಿದರೆ ಸಾಕು. ಇಪ್ಪತ್ತೈದರ ಹುಡುಗನಿಗೂ ಇವೆಲ್ಲ ಗೊತ್ತಿರುತ್ತದೆ. ಅಪ್ಪನ ಕಾರಿನ ಹಿಂದಿನ ಸೀಟಿನಲ್ಲಿ ಕೇಳಿರುತ್ತಾನೆ.

ಈ ಹಾಡು ಗೊತ್ತಾ ಎಂದು ಅವರು ಕೇಳಿದಾಗ ಗೊತ್ತಿಲ್ಲದಿದ್ದರೂ ತಲೆ ಆಡಿಸಬೇಡಿ, ಮುಂದಿನ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಇಲ್ಲ ಎನ್ನಿ, ನೀವು ನೋಡಿದ ಮೊದಲ ಕಾನ್ಸರ್ಟ್ ಯಾವುದು ಎಂದು ತಿರುಗಿ ಕೇಳಿ. ಅಮೆರಿಕನ್ನರು ಒಬ್ಬರಿಗೊಬ್ಬರು ಸಹಜವಾಗಿ ಕೇಳಿಕೊಳ್ಳುವ ಪ್ರಶ್ನೆ ಇದು, ಕಾಲು ಗಂಟೆ ಮಾತು ನಡೆಯುತ್ತದೆ. ಮದುವೆಯಲ್ಲಿ ಯಾವ ಹಾಡಿಗೆ ಕುಣಿದಿರಿ ಎಂದು ಮಾತ್ರ ಕೇಳಬೇಡಿ. ಆ ಮದುವೆ ಈಗ ಇದೆಯೋ ಇಲ್ಲವೋ. ನಿಮ್ಮ ಸರದಿ ಬಂದಾಗ ಬೆಂಗಳೂರನ್ನು ಧಾರಾಳವಾಗಿ ಬಳಸಿ. ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಹಾಡಿ ಹೋಗಿದ್ದಾರೆ. ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ ಜಾಂಜಿಬಾರಿನಲ್ಲಿ ಹುಟ್ಟಿದ ಪಾರ್ಸಿ ಹುಡುಗ, ಓದಿದ್ದು ಮಹಾರಾಷ್ಟ್ರದ ಪಂಚಗಣಿಯಲ್ಲಿ. ಇದು ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಈ ಊರಿನದೇ ಆದ ಹಾಡುಗಳನ್ನು ಮೊದಲು ಕೇಳಿ. ಕಾರಿನಲ್ಲಿ 100.7 ಎಫ್‌ಎಂ ಹಾಕಿಟ್ಟರೆ ಕ್ಲಾಸಿಕ್ ರಾಕ್ ತಿರುಗಿ ತಿರುಗಿ ಬರುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಾಡಿನ ಹೆಸರೂ ಕಾಣುತ್ತದೆ. ಏರೋಸ್ಮಿತ್ ಮತ್ತು ದಿ ಕಾರ್ಸ್ ಇಲ್ಲಿ ಹುಟ್ಟಿದ ತಂಡಗಳು. ಬಾಸ್ಟನ್ ಎಂಬ ಹೆಸರಿನದೇ ತಂಡ ಇದೆ. ಅದರ ಟಾಮ್ ಶೋಲ್ಜ್ ಎಂಐಟಿಯಲ್ಲಿ ಓದಿ ಪೋಲರಾಯ್ಡ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು. 1976ರ ‘ಮೋರ್ ದ್ಯಾನ್ ಎ ಫೀಲಿಂಗ್’ ಇರುವ ಆಲ್ಬಮ್ಮಿನ ಬಹುಪಾಲನ್ನು ಅವರು ಮನೆಯ ನೆಲಮಾಳಿಗೆಯಲ್ಲೇ ರೆಕಾರ್ಡ್ ಮಾಡಿದರು. ಎಂಜಿನಿಯರುಗಳ ಊಟದ ಮೇಜಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗದು.

ಫೆನ್‌ವೇಯಲ್ಲಿ ಎಂಟನೇ ಇನ್ನಿಂಗ್ಸಿನ ನಡುವಿನ ಬಿಡುವಿಗೆ ನೀಲ್ ಡೈಮಂಡ್‌ರ ‘ಸ್ವೀಟ್ ಕ್ಯಾರೊಲೈನ್’ ಬರುತ್ತದೆ. ಹಾಡು 1969ರದ್ದು, ಪ್ರತಿ ಮ್ಯಾಚಿಗೂ ಹಾಕತೊಡಗಿದ್ದು 2002ರಿಂದ. ಆ ಹೊತ್ತಿಗೆ ಪಿಜ್ಜಾಕ್ಕೋ ಬಾತ್‌ರೂಮಿಗೋ ಎದ್ದು ಹೋಗಬೇಡಿ. ಕೋರಸ್ಸಿನಲ್ಲಿ ಹೆಸರು ಹೇಳಿದ ಕೂಡಲೇ ತುತ್ತೂರಿಯ ಮೂರು ಪೆಟ್ಟು, ಅದನ್ನು ಜನ ಬಾಯಲ್ಲೇ ಕೂಗುತ್ತಾರೆ. ಅದರ ಮುಂದಿನ ಸಾಲಿನ ಬಾಲಕ್ಕೆ ‘ಸೋ ಗುಡ್’ ಎಂದು ಮೂರು ಸಲ. ಈ ಎರಡು ಜಾಗ ಹಿಡಿದರೆ ಉಳಿದ ಸಾಲಿಗೆ ಬಾಯಾಡಿಸಿದರೂ ನಡೆಯುತ್ತದೆ. 2013ರ ಮ್ಯಾರಥಾನ್ ಬಾಂಬ್ ದಾಳಿಯಾದ ವಾರ ನೀಲ್ ಡೈಮಂಡ್ ತಾವೇ ಬಂದು ಇಲ್ಲಿ ಹಾಡಿದ್ದರು, ಹಾಗಾಗಿ ಊರಿನವರ ಮುಂದೆ ಈ ಹಾಡನ್ನು ಹಗುರವಾಗಿ ಆಡಿಕೊಳ್ಳದಿರುವುದು ಕ್ಷೇಮ. ಊರಿನ ತಂಡ ರೆಡ್ ಸಾಕ್ಸ್ ಗೆದ್ದರೆ ಕೊನೆಗೆ ‘ಡರ್ಟಿ ವಾಟರ್’ ಬರುತ್ತದೆ. ಚಾರ್ಲ್ಸ್ ನದಿಯ ಕೊಳಕಿನ ಮೇಲಿನ ಹಾಡು. ಹಾಡಿದ ತಂಡ ಮಾತ್ರ ಲಾಸ್ ಏಂಜಲಿಸ್‌ನದು.

ಮದುವೆಗೆ ಬರುತ್ತೀರಾ ಎಂದು ಕೇಳುವ ಉತ್ತರದ ಕಾರ್ಡಿನಲ್ಲಿ ಕೆಲವೊಮ್ಮೆ ನಿಮಗೆ ಬೇಕಾದ ಹಾಡು ಬರೆಯಲು ಒಂದು ಗೆರೆ ಇರುತ್ತದೆ. ಅರ್ತ್, ವಿಂಡ್ ಅಂಡ್ ಫೈರ್ ತಂಡದ ‘ಸೆಪ್ಟೆಂಬರ್’ ಬರೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ಮದುಮಕ್ಕಳ ಮೊದಲ ಕುಣಿತ, ತಂದೆ-ಮಗಳ ಕುಣಿತ, ತಾಯಿ-ಮಗನ ಕುಣಿತ ಮುಗಿಯುವವರೆಗೆ ನೀವು ಕುಣಿಯಲು ಇಳಿಯಬೇಡಿ. ‘ವೈಎಂಸಿಎ’ ಬಂದಾಗ ಕೋರಸ್ಸಿನ ನಾಲ್ಕು ಅಕ್ಷರಗಳನ್ನು ಎಲ್ಲರೂ ಕೈಯಲ್ಲೇ ಮಾಡಿ ತೋರಿಸುತ್ತಾರೆ, ಮೂರನೇ ಅಕ್ಷರಕ್ಕೆ ಎರಡೂ ಕೈ ನಿಮ್ಮ ಎಡಕ್ಕೆ ಬಾಗಬೇಕು. ಬಲಕ್ಕೆ ಬಾಗಿದರೆ ಎದುರಿನವರಿಗೆ ‘ಸಿ’ ತಿರುಗಿ ಕಾಣುತ್ತದೆ. ಐಸ್ಲಿ ಬ್ರದರ್ಸ್‌ರ ‘ಶೌಟ್’ನಲ್ಲಿ ದನಿ ಇಳಿಯುತ್ತಾ ಹೋದಂತೆ ಎಲ್ಲರೂ ಕುಕ್ಕರಗಾಲಿಗೆ ಇಳಿಯುತ್ತಾರೆ, ಏರಿದಂತೆ ಏಳುತ್ತಾರೆ. ಬಿಗಿ ಪ್ಯಾಂಟು, ಸೀರೆ ಎರಡಕ್ಕೂ ಅಪಾಯದ ಜಾಗ. ಇನ್ನೊಂದು: 1983ರ ‘ಎವ್ರಿ ಬ್ರೆತ್ ಯೂ ಟೇಕ್’ ಪ್ರೇಮಗೀತೆಯಂತೆ ಕೇಳಿಸಿದರೂ ಬಿಟ್ಟುಹೋದವಳ ಮೇಲೆ ಕಣ್ಣಿಟ್ಟವನ ಹಾಡು, ಹಾಗೆಯೇ ‘ಬಾರ್ನ್ ಇನ್ ದಿ ಯುಎಸ್‌ಎ’ ವಿಯೆಟ್ನಾಮಿನಿಂದ ಮರಳಿ ಕೆಲಸ ಸಿಗದವನ ಸಿಟ್ಟು. ಮೊದಲನೆಯದನ್ನು ಮದುವೆಗೂ ಎರಡನೆಯದನ್ನು ದೇಶಭಕ್ತಿಗೂ ಇಲ್ಲಿಯವರೇ ಹಾಕಿಬಿಡುತ್ತಾರೆ; ನೀವು ಹಾಕಿಸಬೇಡಿ.

ಕರಾವೊಕೆಯಲ್ಲಿ ಕೆಡುವುದು ದನಿಯಿಂದಲ್ಲ, ಹಾಡಿನ ಆಯ್ಕೆಯಿಂದ. ‘ಹೋಟೆಲ್ ಕ್ಯಾಲಿಫೋರ್ನಿಯಾ’ ನಮ್ಮವರ ಅಚ್ಚುಮೆಚ್ಚು. ಆದರೆ ಆರೂವರೆ ನಿಮಿಷದಲ್ಲಿ ಕೊನೆಯ ಎರಡು ನಿಮಿಷ ಬರೀ ಗಿಟಾರ್, ಮೈಕ್ ಹಿಡಿದು ಸುಮ್ಮನೆ ನಿಂತಿರಬೇಕು. ‘ಅಮೆರಿಕನ್ ಪೈ’ ಎಂಟೂವರೆ ನಿಮಿಷ. ಸಾಲಿನಲ್ಲಿ ಕಾದವರು ಶಪಿಸುತ್ತಾರೆ. ‘ಬೊಹೀಮಿಯನ್ ರಾಪ್ಸಡಿ’ಯ ನಡುಭಾಗಕ್ಕೆ ಹಲವು ದನಿ ಬೇಕು. ‘ಲಿವಿನ್ ಆನ್ ಎ ಪ್ರೇಯರ್’ ಸಲೀಸಾಗಿ ಹೋಗುತ್ತಿದ್ದು ಕೊನೆಯ ಕೋರಸ್ಸಿಗೆ ಮೂರು ಸ್ವರಸ್ಥಾನ ಮೇಲಕ್ಕೆ ಹಾರುತ್ತದೆ, ಗಂಟಲು ಅಲ್ಲೇ ಕೈಕೊಡುವುದು. ‘ಡೋಂಟ್ ಸ್ಟಾಪ್ ಬಿಲೀವಿನ್’ನಲ್ಲಿ ಜನ ಕಾಯುವ ಕೋರಸ್ ಬರುವುದು ಮೂರು ನಿಮಿಷ ದಾಟಿದ ಮೇಲೆ, ಅಲ್ಲಿಯವರೆಗೆ ತಾರಸ್ಥಾಯಿಯಲ್ಲಿ ನೀವೊಬ್ಬರೇ.

ಮೊದಲ ಸಲಕ್ಕೆ ಬೆನ್ ಇ. ಕಿಂಗ್‌ರ ‘ಸ್ಟ್ಯಾಂಡ್ ಬೈ ಮಿ’ ತೆಗೆದುಕೊಳ್ಳಿ. ಮೂರು ನಿಮಿಷ, ವಿಳಂಬವೂ ಅಲ್ಲ ದ್ರುತವೂ ಅಲ್ಲ, ಸ್ವರಗಳ ವ್ಯಾಪ್ತಿ ಸಣ್ಣದು. ದನಿ ದಪ್ಪಗಿದ್ದರೆ ಜಾನಿ ಕ್ಯಾಶ್. ‘ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್’ ಆದರೆ ಕೋರಸ್ಸನ್ನು ಜನವೇ ಎತ್ತಿಕೊಳ್ಳುತ್ತಾರೆ. ಬಾರಿನಲ್ಲಿ ಚೀಟಿಯಲ್ಲೋ ಕ್ಯೂಆರ್ ಕೋಡಿನಲ್ಲೋ ಹೆಸರು ಕೊಟ್ಟು, ಟಿಪ್ ಜಾರಿಗೆ ಒಂದೆರಡು ಡಾಲರ್ ಹಾಕಿ. ಶ್ರುತಿ ಎತ್ತರವೆನಿಸಿದರೆ ‘ಟೂ ಡೌನ್’ ಎಂದು ಮೊದಲೇ ಹೇಳಿದರೆ ಎರಡು ಸ್ವರಸ್ಥಾನ ಇಳಿಸಿಕೊಡುತ್ತಾರೆ. ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಬೇಡಿ, ಸ್ಪೀಕರಿನ ಕಡೆಗೂ ತಿರುಗಿಸಬೇಡಿ. ಕೀಂ ಎಂದು ಕೂಗುವುದು ಅದರಿಂದಲೇ.

ಬಾರಿನ ಪಟ್ಟಿಯಲ್ಲಿ ಕನ್ನಡ ಹಾಡು ಹುಡುಕಬೇಡಿ, ಸಿಗುವುದು ಅಪರೂಪ. ಗಂಟೆಗೆ ಬಾಡಿಗೆ ಕೊಟ್ಟು ಟೀಮಿಗಷ್ಟೇ ಕೋಣೆ ತೆಗೆದುಕೊಳ್ಳುವ ಕಡೆಯಾದರೆ ಫೋನ್ ಜೋಡಿಸಿ ಯೂಟ್ಯೂಬಿನಿಂದ ಹಾಕಲು ಆಗುತ್ತದಾ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಆಗುತ್ತದೆ ಎಂದರೆ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದ ‘ಇಫ್ ಯು ಕಮ್ ಟುಡೇ’ ಹಾಕಿ. ಪೂರ್ತಿ ಇಂಗ್ಲಿಷಿನಲ್ಲೇ ಇದೆ, ಡಾ. ರಾಜ್ ಹಾಡಿದ್ದಾರೆ, ಎರಡನೇ ಸಲ ಸಾಲು ತಿರುಗಿದಾಗ ಟೀಮಿನವರೂ ಸೇರಿಕೊಳ್ಳುತ್ತಾರೆ.