ಬೆನ್ನು ಬಾಗಿದ ಮಗಳಿಗೆ ಬ್ರೇಸ್ ಬೇಕೇ, ವ್ಯಾಯಾಮ ಸಾಕೇ?

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ, ಇನ್ನೂ ದೊಡ್ಡವಳಾಗಿಲ್ಲ. ಜಡೆ ಹೆಣೆಯುವಾಗ ಅವಳ ಬಲಗಡೆಯ ಹೆಗಲಹಲಗೆ ಉಬ್ಬಿರುವುದು ಕಂಡಿತು. ಎಕ್ಸ್‌ರೇ ನೋಡಿದ ವೈದ್ಯರು 28 ಡಿಗ್ರಿ ಸ್ಕೋಲಿಯೋಸಿಸ್ (ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು) ಎಂದು ಹೇಳಿ ಬ್ರೇಸ್ (ಮೈಗೆ ತೊಡುವ ಗಟ್ಟಿ ಕವಚ) ಬರೆದುಕೊಟ್ಟಿದ್ದಾರೆ. ಶಾಲೆಯ ಚೀಲದ ಭಾರದಿಂದ ಹೀಗಾಗಿದೆ, ಎಣ್ಣೆ ತಿಕ್ಕಿ ಯೋಗ ಮಾಡಿಸಿದರೆ ಸಾಕು ಎಂಬುದು ಅತ್ತೆಯವರ ಮಾತು. ಶಸ್ತ್ರಚಿಕಿತ್ಸೆ ತಪ್ಪಿಸಲು ಏನು ಮಾಡಬೇಕು?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಚೀಲವನ್ನು ದೂರಬೇಡಿ. ಅದರ ಭಾರಕ್ಕೆ ಬೆನ್ನು ನೋಯಬಹುದು, ಆದರೆ ಮೂಳೆ ಹೀಗೆ ತಿರುಚಿಕೊಂಡು ಪಕ್ಕಕ್ಕೆ ಬಾಗುವುದಿಲ್ಲ. ಹದಿಹರೆಯದ ಸ್ಕೋಲಿಯೋಸಿಸ್‌ಗೆ ಬಹುಪಾಲು ಮಕ್ಕಳಲ್ಲಿ ನಿರ್ದಿಷ್ಟ ಕಾರಣ ಸಿಗುವುದಿಲ್ಲ. ನಿಮ್ಮ ತಪ್ಪೂ ಇಲ್ಲ, ಅವಳ ತಪ್ಪೂ ಇಲ್ಲ.

28 ಡಿಗ್ರಿ ಎಂಬ ಅಂಕಿಗಿಂತ ನನ್ನ ಗಮನ ಹೋಗಿದ್ದು 'ಇನ್ನೂ ದೊಡ್ಡವಳಾಗಿಲ್ಲ' ಎಂಬ ಮಾತಿಗೆ. ಇಷ್ಟೇ ಬಾಗಿರುವ 16ರ ಹುಡುಗಿಯ ಬೆಳವಣಿಗೆ ಮುಗಿದಿದ್ದರೆ ಬ್ರೇಸ್ ಬೇಡ ಎನ್ನುತ್ತಿದ್ದೆ. ಹೆಣ್ಣುಮಕ್ಕಳ ಎತ್ತರ ಅತಿ ವೇಗವಾಗಿ ಏರುವುದು ಮೈನೆರೆಯುವುದಕ್ಕೆ ಸ್ವಲ್ಪ ಮೊದಲು. ಬಾಗು ಹೆಚ್ಚುವುದೂ ಆಗಲೇ. ಬೆಳವಣಿಗೆ ಉಳಿದಿದ್ದು, ಬಾಗು 25ರಿಂದ 40 ಡಿಗ್ರಿಯೊಳಗಿದ್ದರೆ ಬ್ರೇಸ್ ಹಾಕುವುದು ರೂಢಿ. 45–50 ದಾಟಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಹಾಗಾಗಿ ಎಣ್ಣೆ ತಿಕ್ಕುತ್ತಾ ಆರು ತಿಂಗಳು ಕಳೆಯಬೇಡಿ.

ಬ್ರೇಸ್ ಬೆನ್ನನ್ನು ನೆಟ್ಟಗೆ ಮಾಡುವ ಸಾಧನವಲ್ಲ, ಬಾಗು ಹೆಚ್ಚದಂತೆ ತಡೆಯುವ ಸಾಧನ. ಮೂರು ವರ್ಷದ ನಂತರವೂ 28ರ ಆಸುಪಾಸಿನಲ್ಲೇ ನಿಂತಿದ್ದರೆ ಅದು ಗೆಲುವೇ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಬ್ರೇಸ್ ಹಾಕಿದವರಲ್ಲಿ ಶೇ 72 ಮಂದಿಗೆ ಬೆಳವಣಿಗೆ ಮುಗಿಯುವವರೆಗೆ ಬಾಗು 50 ಡಿಗ್ರಿ ಮುಟ್ಟಲಿಲ್ಲ. ಹಾಕದವರಲ್ಲಿ ಈ ಪ್ರಮಾಣ ಶೇ 48. ಬ್ರೇಸಿನೊಳಗೆ ಶಾಖ ಅಳೆಯುವ ಸಂವೇದಕ ಇಟ್ಟಿದ್ದರಿಂದ ಯಾರು ನಿಜವಾಗಿ ಎಷ್ಟು ಹೊತ್ತು ತೊಟ್ಟರು ಎಂಬುದೂ ತಿಳಿಯಿತು. ದಿನಕ್ಕೆ ಸರಾಸರಿ 13 ಗಂಟೆಗಿಂತ ಹೆಚ್ಚು ತೊಟ್ಟವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಪಾರಾದರು. ಆರು ಗಂಟೆಯೊಳಗೆ ಬಿಚ್ಚಿಡುತ್ತಿದ್ದವರಿಗೆ ಅದರಿಂದ ಲಾಭವೇ ಕಾಣಲಿಲ್ಲ. ಆ ಅಧ್ಯಯನದಲ್ಲಿ ವೈದ್ಯರು ಹೇಳಿದ್ದು ಕನಿಷ್ಠ 18 ಗಂಟೆ.

ಹದಿನೆಂಟು ಗಂಟೆ ಎಂದರೆ ದಾವಣಗೆರೆಯ ಬೇಸಿಗೆಯಲ್ಲಿ ಸುಲಭವಲ್ಲ, ಒಪ್ಪುತ್ತೇನೆ. ಒಳಗೆ ಹತ್ತಿಯ ಬನಿಯನ್ ಹಾಕಿಸಿ, ಬೆವರಿದಂತೆ ಬದಲಿಸಿ. ಸ್ನಾನಕ್ಕೆ, ಆಟಕ್ಕೆ ಬಿಚ್ಚಲಿ. ಯಾವ ಹೊತ್ತಿನಲ್ಲಿ ಬಿಚ್ಚಬೇಕು ಎಂಬುದನ್ನು ಮಗಳೇ ನಿರ್ಧರಿಸಲಿ. ಬಲವಂತದ ಬ್ರೇಸ್ ಬೇಗ ಅಟ್ಟ ಸೇರುತ್ತದೆ. ಬ್ರೇಸ್ ಎಂದರೆ ಅವಳ ಮೈ ಅಳತೆಗೆ ತಯಾರಿಸಿದ ಗಟ್ಟಿ ಪ್ಲಾಸ್ಟಿಕ್ ಕವಚ. ಆನ್‌ಲೈನಿನಲ್ಲಿ ಸಿಗುವ, ಕೂರುವ ಭಂಗಿ ತಿದ್ದುವ ಬೆಲ್ಟ್ ಇದಕ್ಕೆ ಬದಲಿಯಲ್ಲ. ತೊಡಿಸಿಯೇ ಒಂದು ಎಕ್ಸ್‌ರೇ ತೆಗೆಸಿ, ಒಳಗೆ ಬಾಗು ಎಷ್ಟು ತಗ್ಗಿದೆ ನೋಡಬೇಕು.

ವ್ಯಾಯಾಮದಲ್ಲಿ, ಜರ್ಮನಿಯ ಕ್ಯಾಥರಿನಾ ಶ್ರಾತ್ ರೂಪಿಸಿದ ಪದ್ಧತಿಯಂತೆ ಆಯಾ ಬಾಗಿಗೆ ತಕ್ಕ ಉಸಿರಾಟ ಮತ್ತು ಭಂಗಿಗಳನ್ನು ಕಲಿಸುವ ಫಿಸಿಯೋಥೆರಪಿಸ್ಟ್ ಸಿಕ್ಕರೆ ಒಳ್ಳೆಯದು. ಆದರೆ ಈ ಹಂತದಲ್ಲಿ ಅದು ಬ್ರೇಸಿನ ಜೊತೆಗೆ, ಬದಲಿಗೆ ಅಲ್ಲ. ಅತ್ತೆಯವರ ಯೋಗಕ್ಕೂ ಇದೇ ಉತ್ತರ.

ಸುಮಾರು ಆರು ತಿಂಗಳಿಗೊಮ್ಮೆ ತಪಾಸಣೆ ಇರಲಿ. ಅಳತೆಯಲ್ಲೇ ಐದು ಡಿಗ್ರಿಯಷ್ಟು ವ್ಯತ್ಯಾಸ ಬರಬಹುದಾದ್ದರಿಂದ 28 ಇದ್ದದ್ದು 31 ಆಯಿತೆಂದು ಗಾಬರಿಯಾಗಬೇಡಿ. ನಿದ್ದೆಯಿಂದ ಎಬ್ಬಿಸುವ ನೋವು, ಕಾಲಿನ ಬಲಹೀನತೆ, ಮೂತ್ರದ ಹಿಡಿತ ತಪ್ಪುವುದು ಕಂಡರೆ ಮಾತ್ರ ತಡಮಾಡದೆ ಹೋಗಿ, ಎಂಆರ್‌ಐ ಬೇಕಾಗಬಹುದು. ಮನೆಯಲ್ಲಿ ತಂಗಿ ತಮ್ಮ ಇದ್ದರೆ ಅವರನ್ನೂ ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ಬೆನ್ನು ನೋಡಿ. ಈ ತೊಂದರೆ ಕುಟುಂಬಗಳಲ್ಲಿ ಮರುಕಳಿಸುವುದುಂಟು.