ಸಾಂಬ್ರಾದಿಂದ ಕಲಬುರಗಿ 22 ನಿಮಿಷದ ದಾರಿಯಾ?

ಪ್ರಶ್ನೆ: ಸರ್, ನಮ್ಮದು ಮುಧೋಳ. ಬೆಳಗಾವಿ (ಅಂದರೆ ಸಾಂಬ್ರಾ) ಮತ್ತು ಕಲಬುರಗಿ ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ನೇರ ಹಾರಿದರೆ ಎಷ್ಟು ಹೊತ್ತು? ಮಗ 22 ನಿಮಿಷ ಅಂತಾನೆ, ಮೊಬೈಲ್‌ನಲ್ಲಿ 52 ಅಂತ ತೋರಿಸುತ್ತದೆ. ಯಾವುದು ಸರಿ?

ಉತ್ತರ: ದೂರ ಸುಮಾರು 300 ಕಿ.ಮೀ. ಪೈಲಟ್‌ಗಳ ಲೆಕ್ಕದಲ್ಲಿ 160 ನಾಟಿಕಲ್ ಮೈಲಿ. ಇದು ನಕ್ಷೆಯ ಮೇಲೆ ದಾರ ಎಳೆದು ಹಿಡಿದಂಥ ದೂರ.

ನಿಮ್ಮ ಮಗ 300 ಕಿ.ಮೀ.ಯನ್ನು ಜೆಟ್‌ನ 800 ಕಿ.ಮೀ. ವೇಗದಿಂದ ಭಾಗಿಸಿದ್ದಾನೆ. ಗಣಿತ ಸರಿ. ಆದರೆ ಇಷ್ಟು ಸಣ್ಣ ದಾರಿಯಲ್ಲಿ ಆ ವೇಗ ಸಿಗೋದೇ ಸ್ವಲ್ಪ ಹೊತ್ತು, ಏಕೆಂದರೆ 10,000 ಅಡಿಯ ಕೆಳಗೆ ಸಾಮಾನ್ಯವಾಗಿ ವೇಗದ ಮೀಟರ್ 250 ನಾಟ್ ದಾಟುವ ಹಾಗಿಲ್ಲ, ಅಂದರೆ ಗಂಟೆಗೆ 460 ಕಿ.ಮೀ. ಆಸುಪಾಸು, ಮತ್ತು ಏರಿ ಮುಗಿಯಿತು ಅನ್ನುವಷ್ಟರಲ್ಲಿ ಇಳಿಯೋಕೆ ಶುರು ಮಾಡಬೇಕು. ರೆಕ್ಕೆಗೆ ಫ್ಯಾನ್ ಇರುವ ಎಟಿಆರ್ ಅನ್ನುವ ಸಣ್ಣ ವಿಮಾನ ಆದರೆ ವೇಗವೇ ಸುಮಾರು 500. ಮೊಬೈಲ್‌ನ 52 ಕೂಡ ಅಂದಾಜೇ, ಇಂಥ ಲೆಕ್ಕಗಳಲ್ಲಿ ಏರೋದು ಇಳಿಯೋದಕ್ಕೆ ಅಂತ ಅರ್ಧ ಗಂಟೆ ಸುಮ್ನೆ ಸೇರಿಸಿರುತ್ತಾರೆ. ಆದರೂ ನಾನು ನಂಬೋದು ಅದನ್ನೇ. ಟಿಕೆಟ್‌ನಲ್ಲಿ ಬರೆಯುವ ಸಮಯ ಇನ್ನೂ ಜಾಸ್ತಿ ಇರಬಹುದು, ಅದು ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗಿನ ಲೆಕ್ಕ.

ಗಾಳಿಯದು ಬೇರೆ ಆಟ. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ, ಎದುರಾಗಿಯೇ ಇಳಿಯುತ್ತದೆ. ಸಾಂಬ್ರಾದ ರನ್‌ವೇ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ, ಕಲಬುರಗಿಯದೂ ಅಷ್ಟೇ. ಮಳೆಗಾಲದಲ್ಲಿ ನಮ್ಮ ಕಡೆ ಪಡುವಣ ಗಾಳಿ ಅಲ್ವಾ? ಹಾಗಾಗಿ ಪೂರ್ವಕ್ಕೆ ಹೋಗಬೇಕಾದ ವಿಮಾನ ಮೊದಲು ಪಶ್ಚಿಮಕ್ಕೆ ಏರಿ, ಆಮೇಲೆ ತಿರುಗುತ್ತದೆ. ಕಲಬುರಗಿ ಮುಟ್ಟಿದ ಮೇಲೂ ನಿಲ್ದಾಣ ದಾಟಿ ಹೋಗಿ, ವಾಪಸ್ ತಿರುಗಿ ಇಳಿಯಬೇಕು. ಬರುವಾಗ ಈ ಎರಡೂ ಸುತ್ತು ಇಲ್ಲ, ಮೂಗಿನ ನೇರಕ್ಕೆ ಬರಬಹುದು. ಒಂದೇ ದಾರಿ, ಆದರೂ ಹೋಗುವ ಹೊತ್ತು ಬೇರೆ, ಬರುವ ಹೊತ್ತು ಬೇರೆ ಆಗೋದು ಹೀಗೆ.

ಇನ್ನು ನಿಮ್ಮ ವಿಷಯ. ಆ ದಾರ ಎಳೆದರೆ ಅದು ಮುಧೋಳದ ಪಕ್ಕದಲ್ಲೇ ಹಾದು, ಕೃಷ್ಣೆ ದಾಟಿ, ವಿಜಯಪುರವನ್ನು ಎಡಕ್ಕೆ ಬಿಟ್ಟು ಹೋಗುತ್ತದೆ. ಅಂದರೆ ನೀವು ಸುಮಾರು ನೂರು ಕಿ.ಮೀ. ಹಿಂದಕ್ಕೆ ಸಾಂಬ್ರಾಕ್ಕೆ ಹೋಗಿ, ಕೌಂಟರ್ ಮುಚ್ಚುವ ಮುಂಚೆ, ಅಂದರೆ ಹೊರಡುವುದಕ್ಕೆ ಗಂಟೆಗೂ ಮೊದಲೇ ಮುಟ್ಟಿ, ವಿಮಾನ ಹತ್ತಿ, ಕಿಟಕಿಯಿಂದ ನಿಮ್ಮೂರನ್ನೇ ನೋಡುತ್ತಾ ಕಲಬುರಗಿಗೆ ಹೋಗಬೇಕು! ಅಲ್ಲಿ ಇಳಿದ ಮೇಲೂ ನಿಲ್ದಾಣ ಊರ ಹೊರಗೆ, ಮತ್ತೆ ಟ್ಯಾಕ್ಸಿ. ವಿಜಯಪುರದ ಮೇಲೆ ಬಸ್ಸಿಗೆ ಹೋಗೋದೇ ನಿಮಗೆ ಸಲೀಸು. ಬೆಳಗಾವಿ ಊರೊಳಗೇ ಇರುವವರಿಗಾದರೆ ಬೇರೆ ಮಾತು. ಅವರೂ ನೇರ ವಿಮಾನ ಇದೆಯಾ ಅಂತ ಮೊದಲು ನೋಡಿಕೊಳ್ಳಲಿ, ಯಾಕೆಂದರೆ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್ ಕೊನೆಗೆ, ಬದಲಾಗುತ್ತದೆ.